ಅಂಗಿಯ ರಟ್ಟು

ಹೊಸ ಅಂಗಿ ಬಿಚ್ಚುವುದೆಂದರೆ ನನಗೆ ತಲೆನೋವು. ಆರು ಗುಂಡುಸೂಜಿ ತೆಗೆದೆ, ಏಳನೆಯದು ಹೆಬ್ಬೆರಳಿಗೆ ಚುಚ್ಚಿತು. ಸಿಟ್ಟು ಬಂದು, ಬೆನ್ನಿಗಿಟ್ಟ ರಟ್ಟನ್ನು ಎಳೆದು ಮೂಲೆಗೆ ಬಿಸಾಕಿದೆ. ಆಮೇಲೆ ಅನ್ನಿಸಿತು, ಅಮೆರಿಕದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಕೂಡ ಇದೇ ನೌಕರಿಗೆ ಸೇರಿದ್ದವನಲ್ವಾ!

ಅವನ ಕಾಲಕ್ಕೆ ಅಮೆರಿಕದಲ್ಲಿ ಸಿಗರೇಟು ಪ್ಯಾಕು ಮೆತ್ತನೆಯ ಕಾಗದದ್ದು. ಒಳಗಿನದು ಮುರಿಯದಿರಲಿ ಅಂತ ಒಂದು ರಟ್ಟಿನ ಚೂರು ಇಡುತ್ತಿದ್ದರು. ಬೋಳು ರಟ್ಟೇಕೆ, ಬೇಸ್‌ಬಾಲ್ ಆಟಗಾರರ ಚಿತ್ರ ಇರಲಿ ಅಂದರು. 1909ರಿಂದ 1911ರವರೆಗಿನ ಕಾರ್ಡುಗಳಲ್ಲಿ ವ್ಯಾಗ್ನರ್‌ದು ಕೆಲವೇ ಕೆಲವು. ನನ್ನ ಚಿತ್ರ ಬೇಡ ಅಂದನಂತೆ. ಮಕ್ಕಳು ಸಿಗರೇಟು ಕೊಂಡಾರು ಅಂತ ಕೆಲವರು, ದುಡ್ಡು ಕೊಡಲಿಲ್ಲ ಅಂತ ಕೆಲವರು. ತಾನು ಮಾತ್ರ ತಂಬಾಕು ಜಗಿಯುತ್ತಿದ್ದ. 2022ರಲ್ಲಿ ಅವನ ಒಂದು ಕಾರ್ಡಿಗೆ 72.5 ಲಕ್ಷ ಡಾಲರ್. ರಟ್ಟಿಗೆ, ಸ್ವಾಮಿ!

ನನಗೆ ಇಷ್ಟವಾದವನು ಜೆಫರ್ಸನ್ ಬರ್ಡಿಕ್. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಊರಿನವನು. ಸಂಧಿವಾತದಿಂದ ಬೆರಳು ಸೊಟ್ಟಗಾಗಿದ್ದವು. ಆದರೂ ಕಾರ್ಡು, ಲೇಬಲ್ಲು, ಚೀಟಿ ಅಂತ 3 ಲಕ್ಷಕ್ಕೂ ಜಾಸ್ತಿ ಕೂಡಿಹಾಕಿದ. ವ್ಯಾಗ್ನರ್ ಇರುವ ಕಾರ್ಡುಗಳ ಸರಣಿಯನ್ನು ಸಂಗ್ರಹಕಾರರು ಟಿ206 ಅನ್ನುತ್ತಾರೆ, ಆ ನಂಬರು ಕೊಟ್ಟವನೂ ಇವನೇ. ಅಷ್ಟನ್ನೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟುಬಿಟ್ಟ. ಕೊಟ್ಟು ಸುಮ್ನೆ ಕೂತನೇ? ಇಲ್ಲ. ವರ್ಷಗಟ್ಟಲೆ ಅಲ್ಲಿಗೆ ಹೋಗಿ, ಆ ಸೊಟ್ಟ ಬೆರಳಲ್ಲೇ ಒಂದೊಂದನ್ನೂ ಆಲ್ಬಮ್ಮಿಗೆ ಅಂಟಿಸಿದ. ವ್ಯಾಗ್ನರನಿಗೂ ಅಂಟೇ! 1963ರ ಜನವರಿಯಲ್ಲಿ ಕೊನೆಯದನ್ನು ಅಂಟಿಸಿ, ಇನ್ನು ನಾನು ಬರುವುದಿಲ್ಲ ಅಂತ ಹೇಳಿ ಕೋಟು ಹಾಕಿಕೊಂಡು ಹೊರಟ. ಮರುದಿನ ಆಸ್ಪತ್ರೆ ಸೇರಿದ. ಮಾರ್ಚಿನಲ್ಲಿ ತೀರಿಕೊಂಡ.

ಅಂಟು ಅಂದರೆ ಈಗಿನ ಸಂಗ್ರಹಕಾರರು ಎದೆ ಹಿಡಿದುಕೊಳ್ಳುತ್ತಾರೆ. ಅವರದು ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಭೂತಗನ್ನಡಿ. ಕಾರ್ಡಿನ ನಾಲ್ಕು ಮೂಲೆಯನ್ನೂ ನೋಡಿ ಮಾರ್ಕು ಕೊಡುತ್ತಾರೆ, ಎಸ್ಸೆಸ್ಸೆಲ್ಸಿ ಎಷ್ಟೋ ವಾಸಿ. ಎಲ್ಲಕ್ಕಿಂತ ಹೆಸರಾದ ವ್ಯಾಗ್ನರ್ ಕಾರ್ಡಿನ ಅಂಚನ್ನು ನಾನೇ ಕತ್ತರಿಸಿ ನೀಟು ಮಾಡಿದ್ದೆ ಅಂತ ಬಿಲ್ ಮಾಸ್ಟ್ರೊ ಅನ್ನುವ ವ್ಯಾಪಾರಿ 2013ರಲ್ಲಿ ಒಪ್ಪಿಕೊಂಡ. ನನಗಂತೂ ಒಳಗೊಳಗೇ ಖುಷಿಯಾಯಿತು. ಮುಟ್ಟಲೂ ಬಿಡದ ಮೇಲೆ ಅದು ಇದ್ದೇನು, ಹೋದರೇನು?

ಇದರಿಂದ ಏನೋ ದೊಡ್ಡ ಮಾತು ಹೊಳೆದಿತ್ತು. ಬರೆದಿಡೋಣ ಅಂತ ರಟ್ಟು ಹುಡುಕಿದರೆ ಮೂಲೆಯಲ್ಲಿಲ್ಲ. ನನ್ನವಳು ಅದನ್ನು ಮಡಚಿ, ಅಲ್ಲಾಡುವ ಮೇಜಿನ ಕಾಲಡಿಗೆ ಕೊಟ್ಟಾಗಿತ್ತು.

ಎಂಟನೆಯ ಸೂಜಿ, ಅಂಗಿ ಹಾಕಿಕೊಂಡ ಮೇಲೆ ಸಿಕ್ಕಿತು.