ಪುಟ 37 ನೋಡಿ ಸಾರ್

ನಮ್ಮಪ್ಪನ ಹೆಸರಲ್ಲಿ ಒಂದು ಅರ್ಜಿ ಹಾಕಬೇಕಿತ್ತು. ಹಿಂದೆಲ್ಲ ಒಂದು ಹಾಳೆಯಲ್ಲಿ ಮುಗಿಯುತ್ತಿದ್ದ ಕೆಲಸ. ಈಗ ಆನ್‌ಲೈನ್ ಆಗಿದೆ, ಬಹಳ ಸುಲಭ. ಎಷ್ಟು ಸುಲಭ ಅಂತ ತಿಳಿಸೋಕೆ 64 ಪುಟದ ಯೂಸರ್ ಮ್ಯಾನ್ಯುಯಲ್ ಇಟ್ಟಿದ್ದಾರೆ. ಅದನ್ನು ಡೌನ್‌ಲೋಡ್ ಮಾಡಬೇಕಾದರೆ ಮೊದಲು ಲಾಗಿನ್ ಆಗಬೇಕು. ಲಾಗಿನ್ ಆಗೋದು ಹೇಗೆ ಅನ್ನೋದು ಮ್ಯಾನ್ಯುಯಲ್‌ನ 5ನೇ ಪುಟದಲ್ಲಿದೆ.

ಹೇಗೋ ಒಳಗೆ ಹೋದೆ. ಫೋಟೋ 20 ಕೆಬಿಗಿಂತ ಜಾಸ್ತಿ, 50 ಕೆಬಿಗಿಂತ ಕಮ್ಮಿ ಇರಬೇಕಂತೆ. ಹೆಣ್ಣು ನೋಡೋಕೆ ಬಂದವರೂ ಇಷ್ಟು ಕರಾರು ಹಾಕಲ್ಲ. ಅಪ್ಪನ ಫೋಟೋ 51 ಇತ್ತು. ‘ದೋಷ ಸಂಭವಿಸಿದೆ’ ಅಂತ ಕೆಂಪಕ್ಷರ ಬಂತು. ಏನು ದೋಷ, ಯಾರದ್ದು? ಹೇಳಲಿಲ್ಲ. ತುಂಬಿದ್ದೆಲ್ಲ ಅಳಿಸಿಹೋಯಿತು.

ಸಹಾಯವಾಣಿಗೆ ಫೋನ್ ಮಾಡಿದೆ.

“ಮ್ಯಾನ್ಯುಯಲ್ ಓದಿದ್ರಾ? ಪುಟ 37 ನೋಡಿ ಸಾರ್.”

ಹೋಮ್‌ವರ್ಕ್ ಮಾಡದೆ ಬೆಂಚಿನ ಮೇಲೆ ನಿಂತ ಹಾಗಾಯಿತು.

ಸಾಫ್ಟ್‌ವೇರ್‌ನವರೇನು ಓದಿಕೊಂಡು ಕೂತಿದ್ದಾರಾ? ವಿಮ್ ಅಂತ ಒಂದು ಎಡಿಟರ್ ಇದೆ, ಅವರು ಕೋಡ್ ಬರೆಯೋಕೆ ಬಳಸೋ ಸಾಫ್ಟ್‌ವೇರ್. ಅದರಿಂದ ಹೊರಗೆ ಬರೋದು ಹೇಗೆ ಅನ್ನೋ ಪ್ರಶ್ನೆಯನ್ನು ಹತ್ತು ಲಕ್ಷಕ್ಕೂ ಜಾಸ್ತಿ ಸಲ ಜನ ನೋಡಿದ್ದಾರೆ ಅಂತ 2017ರಲ್ಲಿ ಅವರದೇ ಪ್ರಶ್ನೋತ್ತರದ ವೆಬ್‌ಸೈಟ್ ಸ್ಟ್ಯಾಕ್ ಓವರ್‌ಫ್ಲೋ ಹೇಳಿತ್ತು. ಮಹಾಭಾರತದಲ್ಲಿ ಅಭಿಮನ್ಯು ಒಬ್ಬನೇ ಇದ್ದ.

ವಿಮಾನ ಹಾರಿಸೋರು ಓದಲಿ, ಬೇಡ ಅನ್ನಲ್ಲ. ಒಂದು ಫೋಟೋ ಅಂಟಿಸೋಕೂ ಓದಬೇಕಾ? 2016ರಲ್ಲಿ ಯುಪಿಐ ಬಂತು. ನಮ್ಮ ಬೀದಿಯ ಸೊಪ್ಪಿನಮ್ಮ ಯಾವ ಪುಸ್ತಕ ಓದಿದರು? ಕ್ಯೂಆರ್ ಹಾಳೆಯನ್ನು ಗಾಡಿಗೆ ನೇತುಹಾಕಿದರು. ದುಡ್ಡು ಬಂತು ಅಂತ ಡಬ್ಬಿ ಕೂಗುತ್ತೆ, ಅವರು ಕೊತ್ತಂಬರಿ ಕಟ್ಟು ಕೊಡುತ್ತಾರೆ. ಹಿಂದೆ ಎಷ್ಟು ಸರ್ವರ್‌ಗಳು ಮಾತಾಡಿಕೊಂಡವೋ, ಅದು ಅವರ ತಲೆನೋವಲ್ಲ.

ನನಗನ್ನಿಸೋದು, ಮ್ಯಾನ್ಯುಯಲ್ ಬರೆಯೋದು ನಮಗಾಗಿ ಅಲ್ಲವೇ ಅಲ್ಲ. ಕೆಟ್ಟ ಬಟನ್ ರಿಪೇರಿ ಮಾಡೋದಕ್ಕಿಂತ ಅದರ ಬಗ್ಗೆ ಒಂದು ಪುಟ ಬರೆಯೋದು ಅಗ್ಗ. ಆಮೇಲೆ ತಪ್ಪೆಲ್ಲ ಓದದವನದು. ಗುಂಡಿ ಮುಚ್ಚದೆ ಪಕ್ಕದಲ್ಲಿ ‘ಗುಂಡಿ ಇದೆ’ ಅಂತ ಬೋರ್ಡ್ ನೆಟ್ಟ ಹಾಗೆ. ಅದೂ ಪುಟ 37ರಲ್ಲಿ.

ಕೊನೆಗೆ ಮೂಲೆಯ ಸೈಬರ್ ಸೆಂಟರ್‌ಗೆ ಹೋದೆ. ಹುಡುಗ ಒಂದು ಕೈಯಲ್ಲಿ ಎಗ್ ಪಫ್ ಹಿಡಿದೇ ಫೋಟೋ ಕುಗ್ಗಿಸಿದ, ಬ್ರೌಸರ್ ಬದಲಿಸಿದ, ಸಬ್‌ಮಿಟ್ ಎರಡು ಸಲ ಒತ್ತಿದ.

“ಒಂದ್ಸಲ ಒತ್ತಿದ್ರೆ ಹೋಗಲ್ಲ ಅಂಕಲ್.”

“ಇದು ಮ್ಯಾನ್ಯುಯಲ್‌ನಲ್ಲಿ ಇದೆಯೇನಪ್ಪಾ?”

“ಇದಕ್ಕೆ ಮ್ಯಾನ್ಯುಯಲ್ ಬೇರೆ ಇದ್ಯಾ?”

ಐವತ್ತು ರೂಪಾಯಿ ಅಂದ. ಸ್ಕ್ಯಾನ್ ಮಾಡಿದೆ. ಡಬ್ಬಿ ಕೂಗಿತು.