ಕುಚ್ಚು ಹಾಕೋದಾದ್ರೂ ಕಲಿ

ವಿಡಿಯೋ ಕಾಲ್‌ನಲ್ಲಿ ನನ್ನ ಕೈಯಲ್ಲಿದ್ದ, ತುದಿಗೆ ಕೊಕ್ಕೆಯಿರುವ ಕ್ರೋಶಾ ಹೆಣಿಗೆಯ ಕಡ್ಡಿ ಅತ್ತಿಗೆಯ ಕಣ್ಣಿಗೆ ಬಿತ್ತು. "ಏನು ಹಾಕ್ತಿದೀಯ? ಪುಟ್ಟಿಗೆ ಸ್ವೆಟರಾ?" ಸ್ವೆಟರ್ ಅಲ್ಲ ಅತ್ತಿಗೆ, ಸುಮ್ಮನೆ ಚೌಕ, ಅಂದೆ. ಒಂದಷ್ಟು ಸೇರಿದರೆ ಜೋಡಿಸಿ ಹೊದಿಕೆ ಮಾಡಬಹುದು, ಮಾಡದೇ ಇರಲೂಬಹುದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ಹೊತ್ತು ಕೂರೋದಾದ್ರೆ ಸೀರೆಗೆ ಕುಚ್ಚು ಹಾಕೋದಾದ್ರೂ ಕಲಿ. ನಿಮ್ಮ ಕನ್ನಡ ಸಂಘದವರೇ ತಂದು ಕೊಡ್ತಾರೆ" ಅಂದರು. ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ಆದರೂ ಚುಚ್ಚಿತು.

ನಮ್ಮ ಕಡೆ ತಾಯಿಯಾದವಳ ಹವ್ಯಾಸ ಲೆಕ್ಕ ಒಪ್ಪಿಸಬೇಕು. ಹೊಲಿಗೆ ಕಲಿತರೆ ಮನೆಯವರ ಬ್ಲೌಸ್ ಖರ್ಚು ಉಳಿಯಬೇಕು. ಕೇಕ್ ಮಾಡಿದರೆ ಆರ್ಡರ್ ತಗೋಬೇಕು. ಮದುವೆಗೆ ಮುಂಚೆ ಕಲಿತ ಸಂಗೀತವನ್ನು ಮತ್ತೆ ಶುರುಮಾಡಿದರೆ, "ಪಕ್ಕದ ಮನೆ ಮಕ್ಕಳಿಗೆ ಪಾಠ ಹೇಳಬಹುದಲ್ಲ" ಅನ್ನುತ್ತಾರೆ. ಸಂಜೆ ಸುಮ್ಮನೆ ವಾಕಿಂಗ್ ಹೋಗೋದಕ್ಕೂ ಶುಗರ್ ಬಂದಿರಬೇಕು. ಹಾಗೇ ಹೊರಟರೆ, "ಎಲ್ಲಿಗೆ? ಬರ್ತಾ ಕೊತ್ತಂಬರಿ ತಗೊಂಡ್ ಬಾ."

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನನಗೆ ವಿಚಿತ್ರ ಅನಿಸಿದ್ದೇ ಇದಕ್ಕೆ ತದ್ವಿರುದ್ಧವಾದ ಇಲ್ಲಿನ ರೀತಿ. ನಮ್ಮ ಏರಿಯಾದ ಗ್ರಂಥಾಲಯದಲ್ಲಿ ವಾರಕ್ಕೊಂದು ದಿನ ಬೆಳಗ್ಗೆ ಹೆಣಿಗೆಯವರು ಸೇರುತ್ತಾರೆ. ಕೂಸಿನ ಗಾಡಿ ತಳ್ಳಿಕೊಂಡು ಬರುವ ತಾಯಂದಿರು, ಮೊಮ್ಮಕ್ಕಳಿರುವ ಅಜ್ಜಿಯರು, ಎಲ್ಲರ ಮುಂದೆಯೂ ಒಂದೊಂದು ಚೀಲ. ಕೆಲವರ ಚೀಲದಲ್ಲಿ ವರ್ಷಗಳಿಂದ ಮುಗಿಯದ ಅರ್ಧ ಕಾಲುಚೀಲ. ಅದನ್ನು ತೋರಿಸಿ ನಗುತ್ತಾರೆ. ಯಾರಿಗೆ, ಯಾವಾಗ ಮುಗಿಯುತ್ತೆ, ಎಷ್ಟಕ್ಕೆ ಕೊಡ್ತೀಯ ಅಂತ ಯಾರೂ ಕೇಳುವುದಿಲ್ಲ.

ಕ್ರೋಶಾ ಕಲಿಸಿದವರೂ ಅಲ್ಲಿನವರೇ. ಎರಡು ಕಡ್ಡಿಯ ಹೆಣಿಗೆ ಬೇಡ, ಇದನ್ನೇ ಹಿಡಿ ಅಂದರು. ಅದಕ್ಕೆ ಕಾರಣವಿದೆ. ಎರಡು ಕಡ್ಡಿಯಲ್ಲಿ ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲೇ ಕೂತಿರುತ್ತವೆ. ಮಗು ಎಳೆದರೆ ಎಲ್ಲ ಜಾರಿ ಅವತ್ತಿನ ಕೆಲಸವೇ ಹೋಯಿತು. ಕ್ರೋಶಾದಲ್ಲಿ ಸಾಮಾನ್ಯವಾಗಿ ಯಾವ ಹೊತ್ತಿಗೂ ಬಿಚ್ಚಿಕೊಳ್ಳಬಹುದಾದದ್ದು ಒಂದೇ ಕುಣಿಕೆ. ಮಗು ಅತ್ತಿತು ಅನ್ನಿ, ಆ ಕುಣಿಕೆಯನ್ನು ಉದ್ದಕ್ಕೆ ಎಳೆದು, ಬೇಕಾದರೆ ಒಂದು ಸೇಫ್ಟಿ ಪಿನ್ ಚುಚ್ಚಿ, ಎದ್ದು ಹೋಗಬಹುದು. ಒಂದು ಗಂಟೆ ಬಿಟ್ಟು ಬಂದರೂ, ಒಂದು ತಿಂಗಳು ಬಿಟ್ಟು ಬಂದರೂ ಅಲ್ಲಿಂದಲೇ ಮುಂದುವರಿಸಬಹುದು. ಅದರಲ್ಲೂ ಚೌಕ ಅಂದರೆ ಸಣ್ಣ ಕೆಲಸ. ನಡುವಿನಿಂದ ಶುರುಮಾಡಿ ನಾಲ್ಕು ಸುತ್ತು ಬಂದರೆ ಒಂದು ಮುಗಿಯಿತು. ಅನ್ನ ಬೇಯುವಷ್ಟು ಹೊತ್ತು ಸಾಕು.

ಶನಿವಾರದ ಪಾರ್ಕ್‌ರನ್ ಕೂಡ ಹೀಗೇ. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ ಹದಿಮೂರು ಜನ ಓಡಿದ್ದರಂತೆ. ಈಗ ಊರೂರಿನ ಪಾರ್ಕಿನಲ್ಲೂ ಬೆಳಗ್ಗೆ 9ಕ್ಕೆ ಐದು ಕಿಲೋಮೀಟರ್ ಓಟ. ದುಡ್ಡಿಲ್ಲ. ಒಂದು ಸಲ ಹೆಸರು ಕೊಟ್ಟು ಬಾರ್‌ಕೋಡ್ ಇಟ್ಟುಕೊಂಡರೆ ಮುಗಿಯಿತು, ಬರುತ್ತೇನೆ ಅಂತಲೂ ಬರುವುದಿಲ್ಲ ಅಂತಲೂ ಯಾರಿಗೂ ಹೇಳಬೇಕಾಗಿಲ್ಲ. ಹೆಚ್ಚಿನ ಕಡೆ ಮಗುವಿನ ಗಾಡಿ ತಳ್ಳಿಕೊಂಡೇ ಹೋಗಬಹುದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಟೇಲ್ ವಾಕರ್ ಅನ್ನುವ ಸ್ವಯಂಸೇವಕರ ಏರ್ಪಾಡು. ಎಲ್ಲರಿಗಿಂತ ಹಿಂದೆ ನಡೆದು ಬರುವುದೇ ಅವರ ಕೆಲಸ. ಹಾಗಾಗಿ, ದಾರಿಯಲ್ಲಿ ನಿಂತು ಮಗುವಿಗೆ ನೀರು ಕುಡಿಸಿ ಹೊರಟರೂ ನೀವು ಕೊನೆಯವರಾಗುವುದಿಲ್ಲ. ಶಾಲೆಯ ಓಟದ ಪಂದ್ಯಗಳಲ್ಲಿ ಕೊನೆಯವಳಾಗಿಯೇ ಬೆಳೆದ ನನಗೆ ಇದು ದೊಡ್ಡ ಸಮಾಧಾನ.

ಊರಲ್ಲಿ ಇದಕ್ಕೆಲ್ಲ ಎಲ್ಲಿ ಅನುಕೂಲ ಅನ್ನುವ ಮಾತು ಬರುತ್ತದೆ. ಗ್ರಂಥಾಲಯ ನಡೆಸುವುದು ಕೌನ್ಸಿಲ್ಲಿನ, ಅಂದರೆ ಸ್ಥಳೀಯ ಆಡಳಿತದ, ಕರ್ತವ್ಯ ಅಂತ ಇಲ್ಲಿ ಕಾನೂನು ಬಂದದ್ದು 1964ರಲ್ಲಿ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು, ಒಂದೇ ವರ್ಷ ತಡ. ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಆದರೆ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ನಾನು ಕಂಡದ್ದು ಪೇಪರ್ ಹಂಚಿಕೊಂಡು ಓದುವ ಗಂಡಸರನ್ನು, ಪರೀಕ್ಷೆಗೆ ಓದುವ ಹುಡುಗರನ್ನು. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡ ಒಬ್ಬ ತಾಯಿಯನ್ನೂ ಕಂಡಿಲ್ಲ. ಬಂದಿದ್ದರೂ ಮಗು ಕಿಸಕ್ಕಂದ ತಕ್ಷಣ ಎಲ್ಲರೂ ತಲೆ ಎತ್ತಿರೋರು.

ಜಾಗ ಸಿಕ್ಕರೂ ಹೊತ್ತು ಬೇಕಲ್ಲ. ನಮ್ಮ ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಕೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಡುತ್ತಾರೆ ಅಂತ ಇದೆ. ನಮ್ಮ ಅಕ್ಕನ ಮನೆ ನೋಡಿದ್ದರೆ ಸಮೀಕ್ಷೆಯೇ ಬೇಕಿರಲಿಲ್ಲ. ಆ 88 ಎಲ್ಲಿಂದ ಬಂತು ಅಂತ ಭಾವನವರನ್ನೇ ಕೇಳಬೇಕು. ನಮ್ಮ ತಮ್ಮನಿಗೇನೋ ಮನಸ್ಸಿದೆ. ಭಾನುವಾರ ಮಗುವನ್ನು ಎತ್ತಿಕೊಂಡು ಪಾರ್ಕಿಗೆ ಹೊರಡುತ್ತಾನೆ. "ಅಯ್ಯೋ ಪಾಪ, ಅವನಿಗೆ ಸಿಗೋದೇ ಒಂದು ರಜ" ಅಂತ ತಡೆಯುವವರು ನಮ್ಮ ಅಮ್ಮ.

ಅಮ್ಮನ ವಿಷಯ ಬಂದಿದ್ದಕ್ಕೆ ಇನ್ನೊಂದು ಹೇಳಲೇಬೇಕು, ಹೇಳದೆ ತಪ್ಪಿಸಿಕೊಳ್ಳೋಣ ಅಂತಿದ್ದೆ. ಬಾಣಂತನಕ್ಕೆ ಬಂದಿದ್ದಾಗ ಅವಳನ್ನೂ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಸ್ಟೀಲ್ ಡಬ್ಬಿಯಲ್ಲಿ ಹತ್ತಿ ತಂದಿದ್ದಳು, ಲಕ್ಷ ಬತ್ತಿಯ ಬಾಕಿ ಇತ್ತಂತೆ. ಬೆರಳಿಗೆ ಒಂಚೂರು ವಿಭೂತಿ ಹಚ್ಚಿಕೊಂಡು, ಮಾತು ಅರ್ಥವಾಗದಿದ್ದರೂ ಎಲ್ಲರ ಮುಖ ನೋಡುತ್ತಾ, ಕೆಳಗೆ ನೋಡದೆ ಹೊಸೆಯುತ್ತಾ ಕೂತಳು. ಮಗು ಅತ್ತರೆ ಡಬ್ಬಿ ಮುಚ್ಚಿ ಏಳುವುದು, ಮಲಗಿದರೆ ಮತ್ತೆ ತೆಗೆಯುವುದು. ನಾನು ಕ್ರೋಶಾದ ಬಗ್ಗೆ ಇಷ್ಟುದ್ದ ಹೊಗಳಿದ್ದೆಲ್ಲ ಅವಳ ಡಬ್ಬಿಯಲ್ಲಿ ಮೊದಲೇ ಇತ್ತು. ಗೆಜ್ಜೆವಸ್ತ್ರ, ಹೂ ಕಟ್ಟುವುದು, ಮಧ್ಯಾಹ್ನದ ಜಗಲಿ, ಶುಕ್ರವಾರದ ಭಜನಾ ಮಂಡಳಿ, ಎಲ್ಲವೂ ಅಂಥದ್ದೇ. ಲೆಕ್ಕವನ್ನು ಮನೆಗೆ ಒಪ್ಪಿಸುವ ಬದಲು ದೇವರಿಗೆ ಒಪ್ಪಿಸುತ್ತಿದ್ದರು, ಅಷ್ಟೇ. ದೇವರ ಕೆಲಸ ಅಂದರೆ ಅತ್ತೆಯೂ ಎಬ್ಬಿಸುವ ಹಾಗಿಲ್ಲ. ಜಾಣತನವೇ. ಆದರೂ ತನ್ನ ಅರ್ಧ ಗಂಟೆಗೆ ಒಬ್ಬಳು ದೇವರನ್ನು ಮುಂದಿಟ್ಟುಕೊಳ್ಳಬೇಕಾಗಿತ್ತಲ್ಲ ಅಂತ ನನಗೆ ಸಿಟ್ಟೇ ಬರುತ್ತದೆ.

ಮನೆಗೆ ಬರುವ ದಾರಿಯಲ್ಲಿ ಅಮ್ಮ ಕೇಳಿದಳು. "ಮುಂದಿನ ವಾರ ನೀನು ಹೋಗಲಿಲ್ಲ ಅಂದ್ರೆ ಯಾರಾದ್ರೂ ಬಂದು ನೋಡ್ತಾರೇನೆ?"

ಯಾರೂ ಬರುವುದಿಲ್ಲ. ಅವಳು ಊರಿಗೆ ಹೋದಮೇಲೆ ನನಗೆ ಜ್ವರ ಬಂದು ಮಲಗಿದ್ದಾಗ ಒಂದು ಮೆಸೇಜ್ ಬಂದಿತ್ತು, ಹೂವಿನ ಚಿತ್ರ ಸಮೇತ. ಕೌನ್ಸಿಲ್ಲಿಗೆ ದುಡ್ಡು ಸಾಲದೆ ಇಲ್ಲಿಯೂ ಗ್ರಂಥಾಲಯಗಳು ಮುಚ್ಚುತ್ತಿವೆ, ತೆರೆದವೂ ಅರ್ಧ ದಿನಕ್ಕೆ ಇಳಿಯುತ್ತಿವೆ. ನಮ್ಮದು ಮುಚ್ಚಿದರೆ ಆ ಹೆಂಗಸರಲ್ಲಿ ಎಷ್ಟು ಜನರ ಮನೆ ನನಗೆ ಗೊತ್ತು? ಒಬ್ಬರದ್ದೂ ಗೊತ್ತಿಲ್ಲ. ಊರಲ್ಲಾಗಿದ್ದರೆ ಎದುರು ಮನೆಯವರು ಸಾರಿನ ಪಾತ್ರೆ ಹಿಡಿದುಕೊಂಡು ಬಂದು, ಹಣೆ ಮುಟ್ಟಿ ನೋಡಿ, ಹೊರಡುವ ಮುಂಚೆ "ಇಷ್ಟೊಂದು ಉಲ್ಲನ್ ಯಾಕೆ ತಂದು ಹಾಕೊಂಡಿದೀಯ?" ಅಂತ ಕೇಳಿಯೇ ಹೋಗೋರು. ಸಾರು ಬೇಕು, ಪ್ರಶ್ನೆ ಬೇಡ ಅಂದರೆ ಆಗಲ್ಲ ಅನ್ನುತ್ತಾಳೆ ಅಮ್ಮ. ಯಾಕಾಗಲ್ಲ ಅಂತ ನಾನು ಫೋನಿನಲ್ಲಿ ಇನ್ನೂ ವಾದ ಮಾಡುತ್ತಲೇ ಇದ್ದೇನೆ.