ಒಂದು ಸಲ ಹಿಂದೆ ತಿರುಗಿಸಿ ತೋರಿಸಿ

ನಿನ್ನೆ ರಾತ್ರಿ ನೋಡಿದ್ದನ್ನು ಬರೆಯದೇ ಬೇರೆ ಕೆಲಸಕ್ಕೆ ಕೈ ಹಾಕಲು ಆಗುತ್ತಿಲ್ಲ. ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆಯುವ ಸಿಇಎಸ್ ಅನ್ನೋ ದೊಡ್ಡ ಎಲೆಕ್ಟ್ರಾನಿಕ್ಸ್ ಮೇಳದ ಲೈವ್ ಹಾಕಿಕೊಂಡು ಕೂತಿದ್ದೆ. ಪ್ರತಿ ಜನವರಿಯಲ್ಲೂ ಆ ನಾಲ್ಕು ದಿನ ನನ್ನ ಊಟ, ನಿದ್ದೆ ಎಲ್ಲ ಅಲ್ಲಿನ ಗಡಿಯಾರದ ಪ್ರಕಾರ ಅಂತ ನಿಮಗೆ ಗೊತ್ತೇ ಇದೆ. ಒಬ್ಬ ಹುಡುಗ ಮೈಕ್ ಹಿಡಿದು ಗೋಡೆಯಷ್ಟು ದೊಡ್ಡ ಟಿವಿ ಮುಂದೆ ನಿಂತಿದ್ದ. "ಎಷ್ಟು ತೆಳ್ಳಗಿದೆ ನೋಡಿ" ಅಂತ ಆರು ಸಲ ಹೇಳಿದ. ನಾನು ಎಣಿಸಿದ್ದೇನೆ.

ಅಷ್ಟರಲ್ಲಿ ಹಿಂದಿನಿಂದ ಜನ ನುಗ್ಗಿದರು. ಕ್ಯಾಮೆರಾ ಹಿಡಿದವನು ಪಕ್ಕಕ್ಕೆ ಸರಿದ. ನಾಲ್ಕೇ ನಾಲ್ಕು ಸೆಕೆಂಡ್ ಆ ಟಿವಿಯ ಹಿಂಭಾಗ ಕಂಡಿತು. ನನ್ನ ಎದೆ ಹಾರಿತು. ತಕ್ಷಣ ನಿಲ್ಲಿಸಿ, ಹಿಂದಕ್ಕೆ ಎಳೆದು, ಒಂದೊಂದೇ ಚಿತ್ರವಾಗಿ ನೋಡಿದೆ. ಬ್ಯಾಕ್ ಕವರ್ ಇರಲೇ ಇಲ್ಲ. ಹೆಬ್ಬೆರಳು ದಪ್ಪದ ಕೇಬಲ್ ಕಟ್ಟು ಒಂದು ಕಡೆ ಇಳಿದು ಕಾರ್ಪೆಟ್ ಕೆಳಗೆ ಹೋಗಿತ್ತು. ಅದನ್ನು ಕಪ್ಪು ಟೇಪ್‌ನಿಂದ ಮೂರು ಕಡೆ ಬಿಗಿದಿದ್ದರು. ಕೆಳಗೆ ರಟ್ಟಿನ ಡಬ್ಬದ ಮೇಲೆ ಒಂದು ಪುಟ್ಟ ಟೇಬಲ್ ಫ್ಯಾನ್. ಅದರ ಮುಖ ನೇರ ಪ್ಯಾನೆಲ್ ಕಡೆಗೆ. ಪಕ್ಕದಲ್ಲಿ ಒಬ್ಬರು ಮೊಣಕಾಲೂರಿ ಕೂತು ಏನನ್ನೋ ಮುಟ್ಟಿ ಬಿಸಿ ನೋಡುತ್ತಿದ್ದರು.

ಆಮೇಲೆ ಕ್ಯಾಮೆರಾ ಮುಂದಕ್ಕೆ ಬಂತು. ಹುಡುಗ ನಮಗೆಲ್ಲ "ಸಾರಿ" ಅಂದ.

ಸಾರಿ ಯಾಕಪ್ಪಾ? ಇಡೀ ನಲವತ್ತು ನಿಮಿಷದಲ್ಲಿ ಸುದ್ದಿ ಅಂತ ಇದ್ದದ್ದು ಆ ನಾಲ್ಕು ಸೆಕೆಂಡಿನಲ್ಲಿ! ಆ ಫ್ಯಾನ್ ಯಾಕೆ ಇಟ್ಟಿದ್ದೀರಿ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಆ ಟಿವಿ ಎಷ್ಟು ಬಿಸಿಯಾಗುತ್ತದೆ, ಮನೆಯಲ್ಲಿ ಎಷ್ಟು ದಿನ ತಾಳುತ್ತದೆ ಅನ್ನೋದೆಲ್ಲ ಆ ಒಂದು ಪ್ರಶ್ನೆಯಿಂದ ಹೊರಗೆ ಬರುತ್ತಿತ್ತು. ಕೇಳಲಿಲ್ಲ. ಮತ್ತೆ "ಎಷ್ಟು ತೆಳ್ಳಗಿದೆ" ಶುರುವಾಯಿತು.

ಇಪ್ಪತ್ತೆರಡು ವರ್ಷ ನಾನು ಟಿವಿ ಬಿಚ್ಚಿದವನು. ಪಿಕ್ಚರ್ ಟ್ಯೂಬ್ ಕಾಲದಿಂದ ಹಿಡಿದು ಪ್ಯಾನೆಲ್ ಕಾಲದವರೆಗೆ. ಟಿವಿ ಕೆಟ್ಟರೆ ಮುಂದೆ ಕೂತು ಯಾರೂ ರಿಪೇರಿ ಮಾಡುವುದಿಲ್ಲ. ಹಿಂದಕ್ಕೆ ತಿರುಗಿಸಿ, ಸ್ಕ್ರೂ ಬಿಚ್ಚಿ, ಬ್ಯಾಕ್ ಕವರ್ ತೆಗೆದರೆ ಆ ಕಂಪನಿ ಕೊಂಡವರ ಬಗ್ಗೆ ಏನು ಯೋಚಿಸಿದೆ ಅಂತ ಗೊತ್ತಾಗುತ್ತದೆ. ಬೋರ್ಡ್‌ಗಳ ನಡುವೆ ಗಾಳಿಯಾಡಲು ಜಾಗ ಬಿಟ್ಟಿದ್ದಾರಾ? ಬಿಸಿಗೆ ಬೇಗ ಹಾಳಾಗುವ ಕೆಪಾಸಿಟರ್ ಪಕ್ಕದಲ್ಲೇ, ಬಿಸಿ ಹೊರಹಾಕುವ ಹೀಟ್ ಸಿಂಕ್ ಇಟ್ಟಿದ್ದಾರಾ? ರಿಬ್ಬನ್ ಕೇಬಲ್ ಕಳಚಿ ಹಾಕುವಂತಿದೆಯಾ, ಅಂಟಿಸಿಬಿಟ್ಟಿದ್ದಾರಾ? ಮುಂದಿನಿಂದ ನೋಡಿದರೆ ಎಲ್ಲ ಟಿವಿಯೂ ಚೆಂದವೇ.

2017ರ ಮೇಳ ನೆನಪಿದೆಯಾ? ಎಲ್‌ಜಿಯವರು ವಾಲ್‌ಪೇಪರ್ ಟಿವಿ ತೋರಿಸಿದ್ದರು. ದಪ್ಪ ಬರೀ 2.57 ಮಿಲಿಮೀಟರ್. ಜಗತ್ತೆಲ್ಲ ಅದೇ ಸುದ್ದಿ. ಆದರೆ ಟಿವಿಯ ಹೊಟ್ಟೆಯೊಳಗೆ ಇರಬೇಕಾದ ಬೋರ್ಡ್‌ಗಳೆಲ್ಲ ಎಲ್ಲಿ ಹೋದವು? ಕೆಳಗಿದ್ದ ಸೌಂಡ್‌ಬಾರ್ ಒಳಗೆ. ಅಲ್ಲಿಂದ ಒಂದು ಚಪ್ಪಟೆ ಕೇಬಲ್ ಪ್ಯಾನೆಲ್‌ಗೆ ಹೋಗುತ್ತಿತ್ತು. ಇದು ಮೋಸ ಅಲ್ಲ, ನಿಜವಾಗಿಯೂ ಜಾಣ ಕೆಲಸ. ಬಿಸಿಯಾಗುವುದನ್ನು ಪ್ಯಾನೆಲ್‌ನಿಂದ ದೂರ ಇಟ್ಟರು. ನನಗೆ ಆ 2.57ಕ್ಕಿಂತ ಆ ಕೇಬಲ್ ಮೇಲೆ ಪ್ರೀತಿ ಜಾಸ್ತಿ. ಆದರೆ ಅದನ್ನು ಹತ್ತಿರದಿಂದ ತೋರಿಸಿದ ಒಂದೇ ಒಂದು ವಿಡಿಯೋ ಹುಡುಕಲು ನನಗೆ ಎರಡು ದಿನ ಬೇಕಾಯಿತು.

2019ರಲ್ಲೂ ಅದೇ ಕಥೆ. ಪೆಟ್ಟಿಗೆಯೊಳಗಿಂದ ಮೇಲೆದ್ದು ಬರುವ, ಸುತ್ತಿಕೊಳ್ಳುವ ಟಿವಿ. ಅದು ಏಳುವುದನ್ನು ಮುಂದಿನಿಂದ ನೂರು ಸಲ ತೋರಿಸಿದರು. ಅದನ್ನು ಎತ್ತಿ ನಿಲ್ಲಿಸುತ್ತಿದ್ದದ್ದು ಹಿಂದೆ ಮಡಚಿ ಬಿಚ್ಚುವ ಲೋಹದ ತೋಳುಗಳು. ಕಣ್ಣಿಗೆ ಹಬ್ಬ ಅಂದರೆ ಅದು! 2020ರಲ್ಲಿ ಕೊರಿಯಾದಲ್ಲಿ ಮಾರಾಟಕ್ಕೆ ಬಂತು, ಬೆಲೆ 10 ಕೋಟಿ ವೊನ್. 2024ರಲ್ಲಿ ಗಾಜಿನಂಥ ಟಿವಿ ಬಂತು, ಆಚೆ ಇರುವುದು ಕಾಣುವಂಥದ್ದು. ಮಾಮೂಲಿ ಟಿವಿಯ ಹಾಗೆ ನೋಡಬೇಕು ಅಂದರೆ ಹಿಂದಿನಿಂದ ಒಂದು ಕಪ್ಪು ಪರದೆ ಮೇಲೇಳಬೇಕು. ಅದರ ಮರ್ಮವೂ ಹಿಂದೆಯೇ ಇತ್ತು.

ಇನ್ನು, ನಮ್ಮ ಮಾತಿನಲ್ಲಿ 'ಹಿಂದೆ' ಅಂದರೆ ಬೆನ್ನ ಹಿಂದೆ ಮಾತ್ರ ಅಲ್ಲವಲ್ಲ. ಕಳೆದು ಹೋದದ್ದೂ ಹಿಂದೆಯೇ. ಈ ಮೇಳದಲ್ಲಿ ಆ 'ಹಿಂದೆ'ಯನ್ನೂ ಯಾರೂ ತೋರಿಸುವುದಿಲ್ಲ. ನನಗೆ ಜಾಸ್ತಿ ಸಿಟ್ಟು ಬರುವುದು ಇದಕ್ಕೇ.

ಬಟ್ಟೆ ಮಡಚುವ ಯಂತ್ರವನ್ನೇ ತೆಗೆದುಕೊಳ್ಳಿ. ನಮ್ಮ ಅಕ್ಕನಿಗೆ ಬೆರಳಿನ ಗಂಟುಗಳೆಲ್ಲ ನೋವು. ಒಗೆದ ಬಟ್ಟೆ ಮಡಚುವುದು ಅವಳಿಗೆ ದೊಡ್ಡ ಕೆಲಸ. 2019ರ ಜನವರಿಯಲ್ಲಿ ಫೋಲ್ಡಿಮೇಟ್ ಅನ್ನೋ ಯಂತ್ರವನ್ನು ಮೇಳದಲ್ಲಿ ತೋರಿಸಿದರು. ಮೇಲೆ ಅಂಗಿ ಸಿಕ್ಕಿಸಿದರೆ ಕೆಳಗೆ ಮಡಚಿ ಬರುತ್ತಿತ್ತು. ಬೆಲೆ 980 ಡಾಲರ್ ಇರಬಹುದು, ವರ್ಷದ ಕೊನೆಗೆ ಬರುತ್ತದೆ ಅಂದರು. ನಾನು ಓಡಿ ಹೋಗಿ ಅಕ್ಕನಿಗೆ ಹೇಳಿದೆ. "ಅಕ್ಕ, ಈ ವರ್ಷವೇ ಬರುತ್ತಂತೆ!" ಅವಳ ಮುಖ ಅರಳಿದ್ದು ಇನ್ನೂ ಕಣ್ಣ ಮುಂದಿದೆ. ವರ್ಷ ಕಳೆಯಿತು, ಯಂತ್ರ ಬರಲಿಲ್ಲ. ಕೊನೆಗೆ ಕಂಪನಿಯೇ ಮುಚ್ಚಿತು. ಅದಕ್ಕೂ ಮೊದಲು ಜಪಾನಿನವರ ಲಾಂಡ್ರಾಯ್ಡ್ ಇತ್ತು. ಬೀರುವಿನಷ್ಟು ದೊಡ್ಡದು, ಒಂದು ಬಟ್ಟೆಗೆ ನಿಮಿಷಗಟ್ಟಲೆ ತೆಗೆದುಕೊಳ್ಳುತ್ತಿತ್ತು. ಆ ಕಂಪನಿ 2019ರ ಏಪ್ರಿಲ್‌ನಲ್ಲಿ ದಿವಾಳಿ ಎದ್ದಿತು.

ಈಗ ಬಟ್ಟೆ ಮಡಚುವ ರೋಬೋಗಳು ಮತ್ತೆ ಬಂದಿವೆ. ಮತ್ತೆ ಅದೇ ಚಪ್ಪಾಳೆ. ವರದಿ ಮಾಡುವ ಒಬ್ಬರಾದರೂ "ಹಿಂದೆ ಇದೇ ಮಾತು ಹೇಳಿದ್ದ ಎರಡು ಕಂಪನಿ ಮುಳುಗಿವೆ, ನೀವು ಬೇರೆ ಏನು ಮಾಡಿದ್ದೀರಿ?" ಅಂತ ಕೇಳಬೇಡವಾ? ಬಟ್ಟೆ ಮೆತ್ತಗಿನ ವಸ್ತು. ಪ್ರತಿ ಸಲ ಬೇರೆ ಆಕಾರದಲ್ಲಿ ಬಿದ್ದಿರುತ್ತದೆ. ಅದರ ಅಂಚು ಎಲ್ಲಿ, ತೋಳು ಎಲ್ಲಿ ಅಂತ ಯಂತ್ರ ಕಂಡುಹಿಡಿಯುವುದೇ ಕಷ್ಟ. ಫೋಲ್ಡಿಮೇಟ್‌ನಲ್ಲಿ ಆ ಕೆಲಸವನ್ನು ಮನುಷ್ಯರ ಕೈಗೇ ಬಿಟ್ಟಿದ್ದರು. ಒಂದೊಂದು ಅಂಗಿಯನ್ನೂ ನಾವೇ ಸಿಕ್ಕಿಸಬೇಕಿತ್ತು. ಕಾಲುಚೀಲ, ಒಳಉಡುಪು ಅದಕ್ಕೆ ಆಗುತ್ತಲೇ ಇರಲಿಲ್ಲ. ಅಕ್ಕನ ಬೆರಳಿಗೆ ಸಿಕ್ಕಿಸುವ ಕೆಲಸವೇ ನೋವು. ಅದನ್ನು ಆ ದಿನವೇ ಯಾರಾದರೂ ಬಿಡಿಸಿ ಹೇಳಿದ್ದರೆ ನಾನು ಅವಳಲ್ಲಿ ಆಸೆ ಹುಟ್ಟಿಸುತ್ತಿರಲಿಲ್ಲ. ಈಗಲೂ ಪ್ರತಿ ಜನವರಿ ಕೇಳುತ್ತಾಳೆ, "ಆ ಮಿಷನ್ ಏನಾಯ್ತೋ?" ಅಂತ.

ಸ್ಯಾಮ್‌ಸಂಗ್‌ನ ಹಳದಿ ಚೆಂಡಿನಂಥ ಮನೆ ರೋಬೋ ಬ್ಯಾಲಿ ಕೂಡ ಹಾಗೆಯೇ. 2020ರಲ್ಲಿ ವೇದಿಕೆ ಮೇಲೆ ಉರುಳಿತು. 2024ರಲ್ಲಿ ಪ್ರೊಜೆಕ್ಟರ್ ಹೊತ್ತು ದೊಡ್ಡದಾಗಿ ಬಂತು. 2025ರ ಬೇಸಿಗೆಗೆ ಮಾರುತ್ತೇವೆ ಅಂದರು. ಬೇಸಿಗೆ ಹೋಯಿತು, ಚೆಂಡು ಬರಲಿಲ್ಲ.

ಸ್ನೇಹಿತರೊಬ್ಬರು ಯಾವಾಗಲೂ ನನಗೆ ಹೇಳುತ್ತಾರೆ, "ಅದು ಕನಸಿನ ಮೇಳ ಮಾರಾಯ. ಎಲ್ಲವೂ ಅಂಗಡಿಗೆ ಬರಲೇಬೇಕು ಅಂತಿಲ್ಲ. ಸುಮ್ನೆ ನೋಡಿ ಖುಷಿಪಡು." ಅವರ ಮಾತಲ್ಲೂ ಹುರುಳಿದೆ. 1967ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಮೇಳ ಇದು. 1970ರಲ್ಲಿ ವಿಸಿಆರ್, 1981ರಲ್ಲಿ ಸಿಡಿ ಪ್ಲೇಯರ್ ಇಲ್ಲಿ ಕಂಡವು. ಅವೂ ಮೊದಲ ದಿನ ಕನಸೇ. ಆಮೇಲೆ ಮನೆಮನೆಗೆ ಬಂದವು, ಎಷ್ಟನ್ನೋ ನಾನೇ ರಿಪೇರಿ ಮಾಡಿದ್ದೇನೆ. ಆದರೆ ಕನಸಿಗೆ ಯಾರೂ ತಿಂಗಳು, ಬೆಲೆ ಹೇಳುವುದಿಲ್ಲ. ಬೆಲೆ ಹೇಳಿದ ಮೇಲೆ ಅದು ಮಾತು ಕೊಟ್ಟ ಹಾಗೆ. ಕೊಟ್ಟ ಮಾತು ಏನಾಯಿತು ಅಂತ ಕೇಳುವುದು ತಪ್ಪಾ? ಸುಮ್ನೆ ನೋಡಿ ಖುಷಿಪಡು ಅನ್ನೋದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಇವತ್ತು ಹೇಳಿಬಿಡುತ್ತೇನೆ. ಇದುವರೆಗೆ ಯಾರ ಹತ್ತಿರವೂ ಹೇಳಿಲ್ಲ.

2010ರ ಮೇಳ ಇಡೀ ಕನ್ನಡಕ ಹಾಕಿ ನೋಡುವ 3ಡಿ ಟಿವಿಯದ್ದು. ಎಲ್ಲ ದೊಡ್ಡ ಕಂಪನಿಗಳೂ ಅದನ್ನೇ ತೋರಿಸಿದವು. ನಾನು ರಾತ್ರಿಯೆಲ್ಲ ನೋಡಿ ಮರುಳಾಗಿದ್ದೆ. ನಮ್ಮ ಪಕ್ಕದ ಬೀದಿಯ ಮೇಷ್ಟ್ರು ನಿವೃತ್ತಿ ದುಡ್ಡಲ್ಲಿ ಟಿವಿ ಕೊಳ್ಳಬೇಕು ಅಂತ ನನ್ನನ್ನು ಕೇಳಿದರು. ಇವನು ಟಿವಿ ಬಿಚ್ಚುವವನು, ಇವನಿಗೆ ಗೊತ್ತಿರುತ್ತದೆ ಅನ್ನೋ ನಂಬಿಕೆ. "ಸರ್, ಇನ್ನು ಮುಂದೆ ಎಲ್ಲ 3ಡಿ. ಅದನ್ನೇ ತಗೊಳ್ಳಿ" ಅಂದೆ. ಮಾಮೂಲಿ ಟಿವಿಗಿಂತ ಎಷ್ಟೋ ಜಾಸ್ತಿ ಕೊಟ್ಟು ತಂದರು. ಆ ಕನ್ನಡಕ ಹಾಕಿದರೆ ಹತ್ತು ನಿಮಿಷಕ್ಕೆ ಅವರಿಗೆ ತಲೆನೋವು. 3ಡಿಯಲ್ಲಿ ನೋಡಲು ಹೆಚ್ಚೇನೂ ಸಿಗುತ್ತಲೂ ಇರಲಿಲ್ಲ. ಮೂರನೇ ವರ್ಷ ಚಿತ್ರ ಹೋಯಿತು. ನಾನೇ ಬಿಚ್ಚಿದೆ. ಪ್ಯಾನೆಲ್‌ಗೆ ಚಿತ್ರ ಕಳಿಸುವ ಟಿ-ಕಾನ್ ಬೋರ್ಡ್ ಸುಟ್ಟಿತ್ತು. ಆ ಬೋರ್ಡ್‌ಗಾಗಿ ನಾಲ್ಕು ತಿಂಗಳು ಹುಡುಕಿದೆ. ಆ ಮಾಡೆಲ್ ನಿಲ್ಲಿಸಿದ್ದೇವೆ ಅಂತ ಸರ್ವಿಸ್‌ನವರು ಕೈ ಚೆಲ್ಲಿದರು. 2017ರ ಹೊತ್ತಿಗೆ ದೊಡ್ಡ ಕಂಪನಿಗಳು 3ಡಿ ಟಿವಿಯನ್ನೇ ಬಿಟ್ಟವು.

ಮೇಷ್ಟ್ರು ನನ್ನನ್ನು ಒಂದು ಮಾತೂ ಬೈಯಲಿಲ್ಲ. "ಹೋಗಲಿ ಬಿಡಯ್ಯ, ನಿನಗೆ ಹೇಗೆ ಗೊತ್ತಾಗಬೇಕು" ಅಂದರು. ನನಗೆ ಗೊತ್ತಾಗಬೇಕಿತ್ತು. ಹಿಂದೆ ತಿರುಗಿಸಿ ನೋಡದೆ ಯಾವುದನ್ನೂ ನಂಬದ ನಾನು, ಅವತ್ತು ಮುಂದಿನ ಬೆಳಕು ನೋಡಿಯೇ ಹೇಳಿಬಿಟ್ಟಿದ್ದೆ. ಆ ಕನ್ನಡಕ ಈಗಲೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೇಳದಲ್ಲಿ ಯಾರು ಏನು ತೋರಿಸಿದರು, ಯಾವಾಗ ಬರುತ್ತದೆ ಅಂದರು, ಬಂತಾ ಇಲ್ಲವಾ ಅಂತ ಬರೆಯುತ್ತೇನೆ. 'ಬಂತಾ' ಅನ್ನೋ ಕಾಲಮ್ಮಿನಲ್ಲಿ ಖಾಲಿ ಜಾಗ ಜಾಸ್ತಿ.

"ಅಲ್ಲಿ ಅಷ್ಟು ಜನ, ಸ್ಟಾಲ್‌ನವರು ಹಿಂದೆ ಹೋಗಲು ಬಿಡುವುದಿಲ್ಲ" ಅಂತಲೂ ಹೇಳುತ್ತಾರೆ. ಇರಬಹುದು. 2025ರಲ್ಲಿ 4,500ಕ್ಕೂ ಹೆಚ್ಚು ಕಂಪನಿಗಳು, 1.4 ಲಕ್ಷಕ್ಕೂ ಹೆಚ್ಚು ಜನ. ಬಿಡದಿದ್ದರೆ "ಹಿಂದೆ ತೋರಿಸಲು ಒಪ್ಪಲಿಲ್ಲ" ಅಂತ ಹೇಳಿ. ಅದೂ ಸುದ್ದಿಯೇ. ಯಾಕೆ ಇಷ್ಟು ಹಟ ಅಂದರೆ, ಈ ಮೇಳಕ್ಕೆ ಸಾಮಾನ್ಯ ಜನರಿಗೆ ಪ್ರವೇಶವೇ ಇಲ್ಲ. ಈ ಉದ್ಯಮದಲ್ಲಿ ಇರುವವರಿಗೆ ಮಾತ್ರ. ಲಾಸ್ ವೇಗಸ್‌ನಲ್ಲೇ ಮನೆ ಇದ್ದರೂ ನೀವು ನಾವು ಒಳಗೆ ಹೋಗುವಂತಿಲ್ಲ. ಕೊನೆಗೆ ದುಡ್ಡು ಕೊಟ್ಟು ಕೊಳ್ಳುವವರು ನಾವು, ಆದರೆ ನಮಗೆ ಕಣ್ಣು ಅಂತ ಇರುವುದು ಆ ಮೈಕ್ ಹಿಡಿದ ಹುಡುಗ ಒಬ್ಬನೇ. 2021ರಲ್ಲಿ ಕೋವಿಡ್‌ನಿಂದ ಇಡೀ ಮೇಳ ಆನ್‌ಲೈನ್ ಆಯಿತಲ್ಲ, ಆಗ ಕಂಪನಿಗಳೇ ಮಾಡಿದ ನಯವಾದ ವಿಡಿಯೋಗಳು. ಒಂದು ಕೇಬಲ್ ಕಾಣಲಿಲ್ಲ, ಒಂದು ಸ್ಕ್ರೂ ಕಾಣಲಿಲ್ಲ. ಅಲ್ಲಿ ಖುದ್ದಾಗಿ ನಿಂತು ನೋಡುವ ಮನುಷ್ಯರ ಬೆಲೆ ನನಗೆ ಆ ವರ್ಷ ಗೊತ್ತಾಯಿತು.

2018ರ ಜನವರಿ 10ನ್ನು ಮಾತ್ರ ನಾನು ಮರೆಯುವುದಿಲ್ಲ. ಮೇಳದ ದೊಡ್ಡ ಸಭಾಂಗಣದಲ್ಲಿ ಕರೆಂಟ್ ಹೋಯಿತು. ಹಿಂದಿನ ದಿನ ಜೋರು ಮಳೆ ಬಂದು ಒಂದು ಟ್ರಾನ್ಸ್‌ಫಾರ್ಮರ್‌ನಲ್ಲಿ ತೊಂದರೆಯಾಗಿತ್ತು. ಹೆಚ್ಚೂಕಡಿಮೆ ಎರಡು ಗಂಟೆ ಅಷ್ಟೂ ಪರದೆಗಳು ಕಪ್ಪು. ಆ ಕತ್ತಲಲ್ಲಿ ಒಬ್ಬರು ಮೊಬೈಲ್ ಟಾರ್ಚ್ ಹಿಡಿದು ಸ್ಟಾಲ್‌ಗಳ ನಡುವೆ ಓಡಾಡಿದ ವಿಡಿಯೋ ನೋಡಿದೆ. ಬೆಳಕಿಲ್ಲದ ಟಿವಿಗಳ ಅಂಚು, ಕಾಲು, ವೈರು ಎಲ್ಲ ಟಾರ್ಚಿನಲ್ಲಿ ಕಂಡವು. ಎಂಥಾ ಸುಖ!

ಎಲ್ಲರೂ ಹೀಗೇ ಅಂತ ಹೇಳಿದರೆ ಅನ್ಯಾಯ ಆಗುತ್ತದೆ. ಕೊಂಡದ್ದನ್ನು ಬಿಚ್ಚಿ ರಿಪೇರಿ ಮಾಡಿಕೊಳ್ಳುವ ಹಕ್ಕು ಕೊಂಡವರಿಗೆ ಇರಬೇಕು ಅಂತ ಕೆಲಸ ಮಾಡುವವರು ಸೇರಿ 2021ರಿಂದ ಪ್ರತಿ ವರ್ಷ 'ವರ್ಸ್ಟ್ ಇನ್ ಶೋ', ಅಂದರೆ ಮೇಳದಲ್ಲೇ ಅತಿ ಕೆಟ್ಟದ್ದು, ಅಂತ ಪಟ್ಟಿ ಕೊಡುತ್ತಿದ್ದಾರೆ. ಬಿಚ್ಚಲು ಆಗದ್ದು, ಮನೆಯ ಗುಟ್ಟು ಹೊರಗೆ ಕಳಿಸುವಂಥದ್ದು, ಬೇಗ ಕಸವಾಗುವಂಥದ್ದು ಯಾವುದು ಅಂತ ಹೆಸರು ಹಿಡಿದು ಹೇಳುತ್ತಾರೆ. ಅವರಿಗೆ ನನ್ನ ನಮಸ್ಕಾರ. ಯುರೇಕಾ ಪಾರ್ಕ್ ಅಂತ ಹೊಸ ಪುಟ್ಟ ಕಂಪನಿಗಳ ವಿಭಾಗವೂ ಇದೆ. ಮೇಜಿನಷ್ಟೇ ಜಾಗದ ಸ್ಟಾಲ್‌ಗಳು. ಹೋದ ವರ್ಷ ಅಲ್ಲಿನ ಒಂದು ವಿಡಿಯೋದಲ್ಲಿ, ಯಂತ್ರ ಮಾಡಿದ ಹೆಣ್ಣುಮಗಳೇ ನಿಂತಿದ್ದಳು. ಒಳಗೆ ಏನಿದೆ ಅಂತ ಕೇಳಿದ ಕೂಡಲೇ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮುಚ್ಚಳ ಬಿಚ್ಚಿದಳು. "ಈ ಸೋಲ್ಡರ್ ನಿನ್ನೆ ರಾತ್ರಿ ನಾನೇ ಹಾಕಿದ್ದು" ಅಂತ ಬೆರಳಿಟ್ಟು ತೋರಿಸಿದಳು. ಆ ಬೆಸುಗೆ ಸ್ವಲ್ಪ ಒರಟಾಗಿತ್ತು, ಆದರೆ ಗಟ್ಟಿಯಾಗಿ ಕೂತಿತ್ತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಮುಂದಿನ ಜನವರಿಗೆ ನಿಮ್ಮ ಮಕ್ಕಳು, ಗೆಳೆಯರು, ಕಂಪನಿ ಕೆಲಸದ ಮೇಲೆ ಯಾರಾದರೂ ಅಲ್ಲಿಗೆ ಹೋಗುವವರಿದ್ದರೆ ದಯವಿಟ್ಟು ನನಗೆ ತಿಳಿಸಿ. ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದು ಕಳಿಸುತ್ತೇನೆ. ಎಲ್ಲ ಕೇಳಬೇಕಾಗಿಲ್ಲ. ಬಟ್ಟೆ ಮಡಚುವ ರೋಬೋ ಹತ್ತಿರ ಹೋಗಿ ಅಕ್ಕನ ಪರವಾಗಿ ಒಂದು ಪ್ರಶ್ನೆ ಕೇಳಲಿ, ಆಮೇಲೆ ಸ್ಟಾಲ್ ಹಿಂದೆ ಒಂದು ಹೆಜ್ಜೆ ಇಟ್ಟು ಫೋಟೋ ತೆಗೆಯಲಿ. ಅಲುಗಾಡಿದ ಫೋಟೋ ಆದರೂ ಪರವಾಗಿಲ್ಲ.